ವಿಜಾಪುರಕ್ಕೆ ಬಂದಿದ್ದ ಡಚ್ ಚಿತ್ರಕಾರ

ಮಗನ ಮನೆಗೆಂದು ಆಮ್‌ಸ್ಟರ್‌ಡ್ಯಾಮ್‌ಗೆ ಹೋದವನು ರೈಕ್ಸ್‌ಮ್ಯೂಸಿಯಂ ನೋಡದೆ ಬರುವುದುಂಟೆ? ರೆಂಬ್ರಾಂಟ್ 1642ರಲ್ಲಿ ಬರೆದು ಮುಗಿಸಿದ ‘ನೈಟ್ ವಾಚ್’ ಎದುರು ಜನ ಕಿಕ್ಕಿರಿದಿದ್ದರು. ಊರು ಕಾಯುವ ಪಡೆಯ ದೊಡ್ಡ ಚಿತ್ರ ಅದು. 1715ರಲ್ಲಿ ಅದನ್ನು ಪುರಭವನಕ್ಕೆ ಸಾಗಿಸಿದಾಗ, ಗೋಡೆಗೆ ಹೊಂದಲಿಲ್ಲವೆಂದು ನಾಲ್ಕೂ ಅಂಚು ಕತ್ತರಿಸಿಬಿಟ್ಟರು. ಆ ತುಂಡುಗಳು ಇಂದಿಗೂ ಸಿಕ್ಕಿಲ್ಲ. ಆದರೂ ಏನು ಹೋಯಿತೆಂಬುದು ಗೊತ್ತಿದೆ. ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರ ಅದಕ್ಕೂ ಮೊದಲೇ ಒಂದು ಸಣ್ಣ ನಕಲು ಮಾಡಿಟ್ಟಿದ್ದ. 2021ರಲ್ಲಿ ಅದರ ನೆರವಿನಿಂದಲೇ ಕಂಪ್ಯೂಟರಿನಲ್ಲಿ ಆ ಅಂಚುಗಳನ್ನು ಮರಳಿ ರೂಪಿಸಿ, ಚಿತ್ರದ ಸುತ್ತ ಜೋಡಿಸಿ ತೋರಿಸಿದರು.

“ಅಪ್ಪಾ, ಇಷ್ಟೊತ್ತು ಏನ್ ನೋಡಾಕತ್ತೀರಿ?” ಅಂದ ಮಗ.

“ಇಲ್ಲಿಂದ ನಮ್ಮ ಕಡೆ ಬಂದಿದ್ದ ಚಿತ್ರಗಾರನೊಬ್ಬ ನೆನಪಾದ” ಅಂದೆ.

ಕಾರ್ನೆಲಿಸ್ ಹೇಡಾ ಅವನ ಹೆಸರು. ಹಾರ್ಲೆಮ್ ಊರಿನವನು. ಪರ್ಷಿಯಾಕ್ಕೆಂದು ಹೊರಟವನು ಕೊನೆಗೆ ನಮ್ಮ ವಿಜಾಪುರ ಸೇರಿ, ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿ ಚಿತ್ರ ಬರೆದ. ಸಂಗೀತದ ಹುಚ್ಚಿನ ಆ ಸುಲ್ತಾನನಿಗೆ ಚಿತ್ರಗಳೆಂದರೂ ಪ್ರೀತಿ. ರೆಂಬ್ರಾಂಟ್ ಆಗಿನ್ನೂ ಹುಡುಗ. ಡಚ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಹೇಡಾ ಬರೆದ ಪತ್ರಗಳು ಉಳಿದಿವೆ. ಆದರೆ ವಿಜಾಪುರದಲ್ಲಿ ಅವನೇ ಬರೆದದ್ದೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಚಿತ್ರವೂ ಇಲ್ಲ. ಅಲ್ಲಿಗೆ ಹತ್ತಿರದ ಕುಮಟಗಿಯ ಮಂಟಪದ ಗೋಡೆಗಳಲ್ಲಿ ಯುರೋಪಿನ ಉಡುಪು ತೊಟ್ಟವರ ಚಿತ್ರಗಳಿದ್ದವು. ಅವು ಇವನ ಕೈಯವೆನ್ನಲು ಆಧಾರವಿಲ್ಲ. ಅವೂ ಅಳಿಸುತ್ತ ಬಂದಿವೆ.

ಅವರೂ ಕಳೆದುಕೊಂಡಿದ್ದಾರೆ, ನಾವೂ ಕಳೆದುಕೊಂಡಿದ್ದೇವೆ. ಕಳೆದದ್ದೇನೆಂದು ಅವರ ಬಳಿ ಲೆಕ್ಕವಿದೆ. ನಮ್ಮ ಬಳಿ ಅದೂ ಇಲ್ಲ.

ಹೀಗೆನ್ನುವ ಹಕ್ಕು ನನಗಿದೆಯೇ? ನಮ್ಮೂರು ಅಮರಗೋಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಂಕರಲಿಂಗ ಗುಡಿಯಿದೆ. ಕಟ್ಟಿದವರು ಯಾರೆಂದರೆ ಹಿರಿಯರು ಜಕಣಾಚಾರಿ ಅನ್ನುತ್ತಿದ್ದರು. ಹಳೆಯ ಗುಡಿಗಳೆಲ್ಲ ನಮ್ಮ ಕಡೆ ಅವನವೇ. ಐದನೇ ಇಯತ್ತೆಯಲ್ಲಿದ್ದಾಗ ಅಲ್ಲಿನ ಕಂಬವೊಂದರ ಮೇಲೆ ಮೊಳೆಯಿಂದ ನನ್ನ ಹೆಸರು ಕೊರೆದಿದ್ದೆ.

ಊರಿಗೆ ಬಂದ ಮರುದಿನವೇ ಹೋಗಿ ಹುಡುಕಿದೆ. ಹೆಸರು ಇನ್ನೂ ಓದಲು ಬರುತ್ತದೆ. ಕಂಬ ಕಡೆದವನ ಹೆಸರು ಮಾತ್ರ ನಮಗಾರಿಗೂ ಗೊತ್ತಿಲ್ಲ. ನಾಚಿಕೆಯಾಯಿತು. ಫೋನ್ ತೆಗೆದು ಒಂದೊಂದೇ ಕಂಬದ ಫೋಟೊ ತೆಗೆಯುತ್ತ ಹೋದೆ. ನನ್ನ ಹೆಸರಿರುವ ಕಂಬವನ್ನೂ ಬಿಡಲಿಲ್ಲ.