ಸಿಂಧು, ಸುಮೇರ, ಈಜಿಪ್ತ: ಮೂರು ಪ್ರಾಚೀನ ನಾಗರಿಕತೆಗಳ ವಾಣಿಜ್ಯವೂ ಧರ್ಮವೂ

ಕ್ರಿ.ಶ. ೧೯೨೪ನೆಯ ಸೆಪ್ಟೆಂಬರು ೨೦ರಂದು ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯಲ್ಲಿ ಸರ್ ಜಾನ್ ಮಾರ್ಷಲ್ಲರು ಹರಪ್ಪಾ, ಮೋಹೆಂಜೊದಾರೊ ಎಂಬ ಎರಡು ದಿಬ್ಬಗಳಲ್ಲಿ ದೊರೆತ ಮುದ್ರಿಕೆಗಳ ಚಿತ್ರಗಳನ್ನು ಪ್ರಕಟಿಸಿದರು. ಅವುಗಳ ಕಾಲ ಯಾವುದೆಂಬುದು ಆಗ ಯಾರಿಗೂ ನಿಶ್ಚಯವಾಗಿರಲಿಲ್ಲ. ಕೆಲವೇ ವಾರಗಳಲ್ಲಿ ಅನ್ಯದೇಶೀಯ ವಿದ್ವಾಂಸರಿಂದ ಉತ್ತರವು ಬಂದಿತು: ಇಂಥವೇ ಮುದ್ರಿಕೆಗಳು ತೈಗ್ರಿಸ್, ಯೂಫ್ರೆಟಿಸ್ ನದಿಗಳ ಪ್ರಾಂತದಲ್ಲಿಯೂ ಸೂಸಾ ನಗರದಲ್ಲಿಯೂ ದೊರೆತಿರುವುವೆಂದು. ಹೀಗೆ ಭರತಖಂಡದ ಅತಿ ಪ್ರಾಚೀನ ನಾಗರಿಕತೆಯ ಕಾಲವು ಮೊದಲು ಗೊತ್ತಾದುದು ಯಾವ ಪುರಾಣದಿಂದಲೂ ಅಲ್ಲ, ಯಾವ ಶಾಸನದಿಂದಲೂ ಅಲ್ಲ. ಪರದೇಶದ ಪೇಟೆಯಲ್ಲಿ ವ್ಯಾಪಾರಿಗಳು ಬಿಟ್ಟುಹೋದ ಸರಕಿನ ಗುರುತುಗಳಿಂದ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಕಾಲೀನವಾದ ಮೂರು ನಾಗರಿಕತೆಗಳನ್ನು ಹೋಲಿಸಿ ನೋಡುವುದು ಯುಕ್ತವಾಗಿದೆ.

ಸುಮೇರ ದೇಶವು ಮೆಕ್ಕಲು ಮಣ್ಣಿನ ನಾಡು. ಅಲ್ಲಿ ಜವೆಗೋದಿ ಬೆಳೆಯುತ್ತಿತ್ತು, ಕುರಿಗಳ ಉಣ್ಣೆ ಹೇರಳವಾಗಿತ್ತು. ಆದರೆ ಕಲ್ಲಿಲ್ಲ, ತಾಮ್ರವಿಲ್ಲ, ತೊಲೆಗೆ ತಕ್ಕ ಮರವಿಲ್ಲ. ಆದುದರಿಂದ ವಾಣಿಜ್ಯವು ಆ ಜನರಿಗೆ ಭೋಗವಾಗಿರದೆ ಜೀವನಾಧಾರವಾಗಿತ್ತು. ಪ್ರತಿಯೊಂದು ನಗರಕ್ಕೂ ಒಬ್ಬೊಬ್ಬ ದೇವತೆಯು ಒಡೆಯನು. ಊರ್ ನಗರಕ್ಕೆ ಚಂದ್ರದೇವನಾದ ನನ್ನನು ಅಧಿಪತಿ. ದೇವರಿಗೆ ಹೊಲಗಳಿದ್ದುವು, ಹಿಂಡುಗಳಿದ್ದುವು, ಕಣಜಗಳಿದ್ದುವು, ಇವೆಲ್ಲಕ್ಕೂ ಲೆಕ್ಕವಿಡಬೇಕಾಯಿತು. ಊರುಕ್ ನಗರದ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಪೂ. ೩೨೦೦ರ ಹೊತ್ತಿಗೆ ಹುಟ್ಟಿದ ಮಣ್ಣಿನ ಹಲಗೆಗಳ ಬರವಣಿಗೆಯನ್ನು ಓದಿದಾಗ ಅದರಲ್ಲಿ ಹೆಚ್ಚಾಗಿ ಕಂಡುಬಂದುದು ಸ್ತೋತ್ರವಲ್ಲ, ಮಂತ್ರವಲ್ಲ. ಇಷ್ಟು ಕುರಿ, ಇಷ್ಟು ಧಾನ್ಯ, ಇಷ್ಟು ಮದ್ಯ ಎಂಬ ಲೆಕ್ಕ. ಲಿಪಿಯು ಸರಸ್ವತಿಯ ಪ್ರಸಾದವೆಂದು ನಂಬುವವರಿಗೆ ಇದು ಸ್ವಲ್ಪ ಸಂಕೋಚವನ್ನುಂಟುಮಾಡಬಹುದು. ಒಂದು ಗಂಟೆಗೆ ೬೦ ನಿಮಿಷಗಳೆಂಬ ಎಣಿಕೆಯೂ ಅದೇ ಲೆಕ್ಕಿಗರ ಅರುವತ್ತರ ಗಣನೆಯಿಂದ ಬಂದುದು.

ಅಕ್ಕಾದದ ಸಾರ್ಗೋನ ಚಕ್ರವರ್ತಿಯು ಸುಮಾರು ಕ್ರಿ.ಪೂ. ೨೩೦೦ರಲ್ಲಿ ಮೆಲುಹ್ಹ, ಮಗನ್, ದಿಲ್ಮುನ್ ದೇಶಗಳ ಹಡಗುಗಳು ತನ್ನ ರಾಜಧಾನಿಯ ಕಟ್ಟೆಯಲ್ಲಿ ನಿಂತಿರುವುವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ದಿಲ್ಮುನ್ ಎಂದರೆ ಬಹರೇನ್, ಮಗನ್ ಎಂದರೆ ಓಮಾನ್. ಮೆಲುಹ್ಹವು ಸಿಂಧೂ ತೀರವೆಂಬುದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮುಂದಿನ ಕಾಲದಲ್ಲಿ ಊರಿನ ಸಮುದ್ರವ್ಯಾಪಾರಿಗಳು ದಿಲ್ಮುನ್ನಿನಿಂದ ತಾಮ್ರವನ್ನು ತಂದಾಗ ನನ್ನನ ಪತ್ನಿಯಾದ ನಿಂಗಲ್ ದೇವಿಯ ಗುಡಿಗೆ ದಶಮಾಂಶವನ್ನು ಒಪ್ಪಿಸುತ್ತಿದ್ದರು. ಅದೇ ಊರಿನಲ್ಲಿ ಎಅ-ನಾಸಿರ್ ಎಂಬ ತಾಮ್ರದ ವರ್ತಕನಿಗೆ ಒಬ್ಬ ಗಿರಾಕಿಯು ಸುಮಾರು ಕ್ರಿ.ಪೂ. ೧೭೫೦ರಲ್ಲಿ ಬರೆದ ಪತ್ರವು ಉಳಿದುಬಂದಿದೆ: ಕೊಟ್ಟ ಲೋಹವು ಕೀಳಾಗಿದೆ, ಕಳುಹಿಸಿದ ಆಳನ್ನು ಅವಮಾನಪಡಿಸಲಾಗಿದೆ ಎಂದು ದೂರು. ಗುಡಿಗೆ ಕಾಣಿಕೆ ಸಲ್ಲುತ್ತಿದ್ದ ಮಾತ್ರಕ್ಕೆ ಗಿರಾಕಿಗೆ ಒಳ್ಳೆಯ ಸರಕು ಸಲ್ಲುತ್ತಿತ್ತೆಂದು ಭಾವಿಸಬೇಕಾಗಿಲ್ಲ.

ಈಜಿಪ್ತದ ರೀತಿಯೇ ಬೇರೆ. ಅಲ್ಲಿ ಅರಸನೇ ದೇವರು, ದೂರದೇಶದ ವಾಣಿಜ್ಯವೂ ಬಹುಮಟ್ಟಿಗೆ ಅರಸನ ಯಾತ್ರೆ. ಹತ್ಶೆಪ್ಸುತ ರಾಣಿಯು ಕ್ರಿ.ಪೂ. ಹದಿನೈದನೆಯ ಶತಮಾನದಲ್ಲಿ ಪುಂಟ್ ದೇಶಕ್ಕೆ ಹಡಗುಗಳನ್ನು ಕಳುಹಿಸಿ ಧೂಪದ ಮರಗಳನ್ನು ಬೇರುಸಹಿತ ತರಿಸಿದುದನ್ನು ತನ್ನ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದಳು. ೨೦೧೩ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ಖೂಫು ಅರಸನ ಪಿರಮಿಡ್ಡಿಗೆ ತುರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗಳಲ್ಲಿ ಸಾಗಿಸಿದ ವಿವರವನ್ನು ಅವನು ದಿನದಿನಕ್ಕೆ ಬರೆದಿಟ್ಟಿದ್ದಾನೆ. ಮೊದಲಿಗೆ ಸುಮಾರು ೧೪೬ ಮೀಟರು ಎತ್ತರವಿದ್ದ ಆ ಗೋರಿಗೆ ದೇಶದ ಗಣಿತ, ಶಿಲ್ಪ, ನೌಕೆ ಎಲ್ಲವೂ ಊಳಿಗ ಮಾಡಿದುವು. ೩೬೫ ದಿನಗಳ ವರ್ಷವನ್ನು ಲೋಕಕ್ಕೆ ಕೊಟ್ಟ ಜನರು ತಮ್ಮ ಶ್ರೇಷ್ಠ ಕೌಶಲವನ್ನು ಸತ್ತವನ ಸುಖಕ್ಕಾಗಿ ವ್ಯಯಿಸಿದರು.

ಇನ್ನು ಸಿಂಧೂ ತೀರ. ಕ್ರಿ.ಪೂ. ೨೬೦೦ರಿಂದ ೧೯೦೦ರವರೆಗೆ ಉಚ್ಛ್ರಾಯದಲ್ಲಿದ್ದ ಈ ನಗರಗಳಲ್ಲಿ ದೇವಾಲಯವೆಂದು ನಿಸ್ಸಂದೇಹವಾಗಿ ಹೇಳತಕ್ಕ ಕಟ್ಟಡವು ದೊರೆತಿಲ್ಲ. ಊರಿನ ರಾಜಸಮಾಧಿಗಳಂತೆ ನಿಧಿ ತುಂಬಿದ ಗೋರಿಯೂ ಇಲ್ಲ. ದೊರೆತಿರುವುದು ಬಾವಿಗಳು, ಇಟ್ಟಿಗೆಯ ಮುಚ್ಚುಗಾಲುವೆಗಳು, ಡಾಂಬರಿನ ಲೇಪದಿಂದ ನೀರು ಸೋರದಂತೆ ಕಟ್ಟಿದ ಮಹಾಸ್ನಾನಕುಂಡ, ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದ ಹತ್ತಿಬಟ್ಟೆಯ ಚೂರು, ಮತ್ತು ತೂಕದ ಕಲ್ಲುಗಳು. ಈ ಕಲ್ಲುಗಳನ್ನು ಕುರಿತು ಸ್ವಲ್ಪ ವಿಸ್ತರಿಸಿ ಹೇಳಬೇಕು. ಪಟ್ಟೆಗಳುಳ್ಳ ಗಟ್ಟಿಕಲ್ಲನ್ನು ಘನಾಕೃತಿಯಾಗಿ ಕಡೆದು ನಯಗೊಳಿಸಿದ ಇವು ೧, ೨, ೪, ೮, ೧೬, ೩೨, ೬೪ ಎಂದು ಇಮ್ಮಡಿಸುತ್ತ ಹೋಗುತ್ತವೆ. ಹದಿನಾರರ ಕಲ್ಲಿನ ತೂಕವು ಸುಮಾರು ೧೩.೭ ಗ್ರಾಮು. ಪಂಜಾಬಿನ ಹರಪ್ಪಾದಲ್ಲಿಯೂ ನೂರಾರು ಹರದಾರಿ ದೂರದ ಗುಜರಾತಿನ ಲೋಥಲ್ಲಿನಲ್ಲಿಯೂ ತೂಕವು ಒಂದೇ. ಸಮುದ್ರದಾಚೆಯ ಬಹರೇನಿನಲ್ಲಿಯೂ ಇವೇ ಕಲ್ಲುಗಳು ಚಲಾವಣೆಯಲ್ಲಿದ್ದುವು. ೧೯೫೭ರವರೆಗೆ ಭಾರತದಲ್ಲಿ ನಡೆದ ಹದಿನಾರು ಆಣೆಯ ರೂಪಾಯಿಯನ್ನು ಕಂಡವರಿಗೆ ಈ ಹದಿನಾರು ಅಪರಿಚಿತವಲ್ಲ. ಎರಡಕ್ಕೂ ಪರಂಪರೆಯ ಸಂಬಂಧವಿದೆಯೆಂದು ಸಾಧಿಸುವುದು ಮಾತ್ರ ಕಷ್ಟ.

ಲೋಥಲ್ಲನ್ನು ೧೯೫೫ರಿಂದ ಅಗೆಸಿದವರು ಕನ್ನಡನಾಡಿನವರೇ ಆದ ಎಸ್. ಆರ್. ರಾವ್ ಅವರು. ಪಾರಸಿ ಖಾರಿಯ ಬಗೆಯದೊಂದು ದುಂಡು ಮುದ್ರಿಕೆಯು ಅಲ್ಲಿ ದೊರೆತು ಸಮುದ್ರಮಾರ್ಗಕ್ಕೆ ಸಾಕ್ಷಿಯಾಯಿತು. ಸಿಂಧೂ ಕುಶಲಿಗಳು ಕೆಂಪು ಕಾರ್ನೀಲಿಯನ್ ಮಣಿಗಳ ಮೇಲೆ ಕ್ಷಾರದಿಂದ ಬಿಳಿಯ ಚಿತ್ತಾರ ಬರೆದು ಸುಡುತ್ತಿದ್ದರು. ಅಂಥ ಮಣಿಗಳು ಊರಿನ ಸಮಾಧಿಗಳಲ್ಲಿ ದೊರೆತಿವೆ. ಮೋಹೆಂಜೊದಾರೊವಿನ ಚಿನ್ನವು ಕೋಲಾರ, ಅನಂತಪುರಗಳ ಕಡೆಯಿಂದ ಹೋಗಿರಬಹುದೆಂದು ಮಾರ್ಷಲ್ಲರ ೧೯೩೧ರ ಗ್ರಂಥದಲ್ಲಿ ಊಹಿಸಲಾಗಿತ್ತು. ಊಹೆಯು ಪ್ರಿಯವಾದುದು, ಆದರೆ ಊಹೆಯೇ.

ಅದೇ ಗ್ರಂಥದಲ್ಲಿ ಇನ್ನೂ ಪ್ರಿಯವಾದ ಮತ್ತೊಂದು ಮಾತಿದೆ. ಕೊಂಬಿನ ಕಿರೀಟವನ್ನು ಧರಿಸಿ ಯೋಗಾಸನದಲ್ಲಿ ಕುಳಿತು ಆನೆ, ಹುಲಿ, ಖಡ್ಗಮೃಗ, ಕೋಣಗಳಿಂದ ಪರಿವೃತನಾದ ಒಂದು ಮುದ್ರಿಕೆಯ ಪುರುಷನನ್ನು ಮಾರ್ಷಲ್ಲರು ಪಶುಪತಿಯಾದ ಶಿವನ ಪೂರ್ವರೂಪವೆಂದರು. ಕೆಲವು ಶಂಕುಶಿಲೆಗಳನ್ನು ಲಿಂಗಗಳೆಂದರು. ಅಂದಿನಿಂದ ಶೈವರ ವೇದಿಕೆಗಳಲ್ಲಿ ಐದು ಸಾವಿರ ವರ್ಷಗಳ ಶಿವಪೂಜೆಯು ಸಿದ್ಧಾಂತವೆಂಬಂತೆ ಘೋಷಿಸಲ್ಪಡುತ್ತಿದೆ. ವಿಚಾರವಂತರು ಇಲ್ಲಿ ನಿಲ್ಲಬೇಕು. ಆ ಪುರುಷನಿಗೆ ಮೂರು ಮುಖಗಳಿವೆಯೆಂಬುದೇ ವಿವಾದಾಸ್ಪದ. ಅವನನ್ನು ಕೋಣದೇವತೆಯೆಂದು ತಿಳಿಯುವವರೂ ಉಂಟು. ಯೋನಿಗಳೆಂದು ಮಾರ್ಷಲ್ಲರು ಬಗೆದ ಉಂಗುರದ ಕಲ್ಲುಗಳು ಕಂಬಗಳ ಅಂಗಗಳೆಂದು ಅನಂತರದ ಶೋಧಕರು ವಾದಿಸಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಮುದ್ರಿಕೆಯ ಮೇಲಿನ ಅಕ್ಷರಗಳನ್ನು ಇದುವರೆಗೆ ಸರ್ವಸಮ್ಮತವಾಗಿ ಓದಿದವರಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿ, ಅಂಬಿಗನ ಹುಟ್ಟನ್ನೂ ಹಗ್ಗ ಹೊಸೆಯುವವನ ಹುಲ್ಲನ್ನೂ ಪೂಜೆಯ ಸಮಕ್ಕೆ ತಂದಾಗ, ಅದಕ್ಕೆ ಮೋಹೆಂಜೊದಾರೊವಿನ ರುಜುವಾತು ಬೇಕಾಗಿರಲಿಲ್ಲ. ತಪ್ಪಾದ ಆಧಾರದ ಮೇಲೆ ಕಟ್ಟಿದ ಹಿರಿಮೆಯು ಆಧಾರದೊಡನೆಯೇ ಕುಸಿಯುವ ಭಯವಿದೆ.

ಹಾಗೆಂದು ಆ ನಗರವಾಸಿಗಳು ಧರ್ಮಹೀನರೆಂದು ಹೇಳಲೂ ಆಧಾರವಿಲ್ಲ. ಸುಮೇರದಲ್ಲಿ ಬರವಣಿಗೆಯು ದೇವರ ಕಣಜದಲ್ಲಿ ಬೆಳೆದುದರಿಂದ ದೇವರ ಹೆಸರುಗಳು ಉಳಿದುವು. ಈಜಿಪ್ತದಲ್ಲಿ ಗೋರಿಯ ಗೋಡೆಯನ್ನೇರಿದುದರಿಂದ ಅರಸರ ಹೆಸರುಗಳು ಉಳಿದುವು. ಸಿಂಧೂ ತೀರದಲ್ಲಿ ಉಳಿದಿರುವುದು ಹೆಚ್ಚಾಗಿ ಅಂಗೈಗಿಂತ ಚಿಕ್ಕದಾದ ಮುದ್ರಿಕೆಗಳ ಮೇಲಿನ ನಾಲ್ಕೈದು ಚಿಹ್ನೆಗಳು ಮಾತ್ರ. ಇಂಥ ಸಾವಿರಾರು ತುಂಡುಗಳು ದೊರೆತರೂ, ಈಜಿಪ್ತದ ಲಿಪಿಯನ್ನು ೧೮೨೨ರಲ್ಲಿ ಶಾಂಪೋಲಿಯೋನನು ಬಿಡಿಸಲು ನೆರವಾದ ರೋಸೆಟ್ಟಾ ಶಿಲೆಯಂಥ ದ್ವಿಭಾಷಾ ಶಾಸನವೊಂದೂ ಇಲ್ಲಿ ಸಿಕ್ಕಿಲ್ಲ.

ಸಿಕ್ಕುವ ಸಂಭವವಿಲ್ಲದಿಲ್ಲ. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಅಕ್ಕಾದದ ಕಾಲದ ಉರುಳೆ ಮುದ್ರಿಕೆಯೊಂದಿದೆ. ಆಡನ್ನೆತ್ತಿಕೊಂಡ ಒಬ್ಬನೂ ಅವನ ಹಿಂದೆ ಪಾತ್ರೆ ಹಿಡಿದವಳೊಬ್ಬಳೂ ಕುಳಿತವರೊಬ್ಬರ ಸನ್ನಿಧಿಗೆ ಬರುತ್ತಿರುವಂತೆ ಅದರಲ್ಲಿ ಕೆತ್ತಿದೆ. ಮುದ್ರಿಕೆಯ ಒಡೆಯನು ಶು-ಇಲಿಶು, ಮೆಲುಹ್ಹ ಭಾಷೆಯ ದುಭಾಷಿ ಎಂದು ಅದರ ಬರಹವು ಹೇಳುತ್ತದೆ. ಸಿಂಧೂ ತೀರದ ವರ್ತಕರ ಮಾತನ್ನು ಪರದೇಶಿಗಳಿಗೆ ತಿಳಿಯಹೇಳುತ್ತಿದ್ದವನ ಹೆಸರು ಇಂದಿಗೂ ಸ್ಪಷ್ಟವಾಗಿ ಓದಲು ಬರುತ್ತದೆ. ಅವನು ತಿಳಿಯಹೇಳಿದ ಮಾತುಗಳಲ್ಲಿ ಒಂದೂ ಉಳಿದಿಲ್ಲ.