ಅರಸೀಕೆರೆ: ಶಾಸನದ ಊರಿನಲ್ಲಿ ಒಂದು ಜಂಕ್ಷನ್

ಹಾಸನ ಜಿಲ್ಲೆಯ ಅರಸೀಕೆರೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಊರನ್ನು ಕಂಡವರು ಅದಕ್ಕಿಂತ ವಿರಳ. ರೈಲು ಬದಲಿಸಲೆಂದು ಇಳಿದು, ಪ್ಲಾಟ್‌ಫಾರಂ ಮೇಲೆ ಒಂದು ಕಾಫಿ ಕುಡಿದು, ಮುಂದಿನ ಬಂಡಿ ಹತ್ತಿ ಹೋದವರೇ ಹೆಚ್ಚು. ಶಾಸನಾಭ್ಯಾಸಿಗಳ ರೀತಿ ಇದಕ್ಕೆ ವ್ಯತಿರಿಕ್ತವಾದುದು. ಅವರು ನಿಲ್ದಾಣದಿಂದ ಹೊರಬಿದ್ದವರೇ ಗುಡಿಯ ಕಡೆಗೆ ನಡೆಯುತ್ತಾರೆ. ತಾವು ಇಳಿದ ನಿಲ್ದಾಣಕ್ಕೂ ಒಂದು ಚರಿತ್ರೆಯಿದೆ ಎಂಬುದು ಅವರ ಟಿಪ್ಪಣಿಗಳಲ್ಲಿ ಕಾಣಿಸುವುದಿಲ್ಲ. ಹೀಗಾಗಿ ಈ ಊರಿನ ಹದಿಮೂರನೆಯ ಶತಮಾನದ ಜನಜೀವನದ ಬಗ್ಗೆ ನಮಗೆ ತಿಳಿದಿರುವಷ್ಟೂ ಇಪ್ಪತ್ತನೆಯ ಶತಮಾನದ ಜನಜೀವನದ ಬಗ್ಗೆ ತಿಳಿದಿಲ್ಲ. ಈ ಲೇಖನದ ಉದ್ದೇಶ ಆ ಅಸಮತೆಯನ್ನು ತೋರಿಸುವುದು.

ಮೊದಲು ಶಾಸನದ ಊರನ್ನು ನೋಡೋಣ. ‘ಅರಸಿಯಕೆರೆ’ ಎಂಬುದು ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಬಂದ ಹೆಸರು. ಹೊಯ್ಸಳರ ಕಾಲದಲ್ಲಿ ಇದಕ್ಕೆ ಬಲ್ಲಾಳಪುರ ಎಂಬ ಹೆಸರೂ ಇತ್ತು. ಎರಡನೆಯ ವೀರಬಲ್ಲಾಳನ ಆಳ್ವಿಕೆಯ ಕೊನೆಯಲ್ಲಿ, ಕ್ರಿ.ಶ. 1220ರ ಸುಮಾರಿಗೆ, ಇಲ್ಲಿ ಎರಡು ಗುಡಿಗಳು ಮೆರೆಯುತ್ತಿದ್ದವು. ಒಂದು, ನಕ್ಷತ್ರಾಕಾರದ ಮಂಟಪಕ್ಕಾಗಿ ವಾಸ್ತುಶಿಲ್ಪದ ಗ್ರಂಥಗಳಲ್ಲೆಲ್ಲ ಹೆಸರಾದ ಈಶ್ವರ ದೇವಾಲಯ. ಇನ್ನೊಂದು ಸಹಸ್ರಕೂಟ ಜಿನಾಲಯ. ಇದನ್ನು ಮಾಡಿಸಿದ ರೇಚರಸನು ಮೊದಲು ಕಲಚುರಿ ಅರಸರ ಮಂತ್ರಿಯಾಗಿದ್ದು, ಅವರ ರಾಜ್ಯ ಕುಸಿದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದವನು. ‘ವಸುಧೈಕಬಾಂಧವ’ ಎಂಬುದು ಅವನ ಬಿರುದು. ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿಯೂ ಇವನದೇ. ಅರಸಿಯಕೆರೆಯ ಜಿನಾಲಯದ ಪೂಜೆ, ಜೀರ್ಣೋದ್ಧಾರ, ಸೇವಕರ ಜೀವಿತ ಇವುಗಳಿಗಾಗಿ ಅವನು ಅರಸನಿಂದ ಒಂದು ಗ್ರಾಮವನ್ನು ಪಡೆದು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನು. ಧರ್ಮದ ರಕ್ಷಣೆಯನ್ನು ಊರಿನ ಸಾವಿರ ಕುಲಗಳಿಗೆ ವಹಿಸಿದನು.

ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟದಲ್ಲಿ ಪ್ರಕಟಿಸಿದ ಈ ಶಾಸನದಲ್ಲಿ ನನ್ನ ಗಮನವನ್ನು ಸೆಳೆಯುವುದು ಊರಿನ ವರ್ಣನೆ. ಜೈನ ಶಾಸನವಾದರೂ ಅದು ಜೈನರನ್ನು ಮಾತ್ರ ಹೊಗಳುವುದಿಲ್ಲ. ವೇದ ಬಲ್ಲ ಬ್ರಾಹ್ಮಣರು, ಶೂರರಾದ ಕಾವಲಿನವರು, ಸಿರಿವಂತ ವರ್ತಕರು, ಮಾತಿಗೆ ತಪ್ಪದ ನಾಲ್ಕನೆಯ ವರ್ಣದವರು, ಚೆಲುವೆಯರಾದ ಹೆಂಗಸರು, ವಿನಯವುಳ್ಳ ದುಡಿಮೆಗಾರರು ಎಂದು ಒಂದೊಂದು ವರ್ಗಕ್ಕೂ ಒಂದೊಂದು ಗುಣವನ್ನು ಹಂಚಿ, ಅನಂತರ ಗುಡಿ, ಕೆರೆ, ತೋಟಗಳಿಗೆ ಬರುತ್ತದೆ. ದುಡಿಯುವವನ ಪಾಲಿಗೆ ಬಂದ ಗುಣ ವಿನಯವೊಂದೇ ಎಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ಊರೆಂದರೆ ಅದರಲ್ಲಿ ಬಾಳುವ ಬೇರೆ ಬೇರೆ ಜನ ಎಂಬ ಅರಿವು ಆ ಕವಿಗೆ ಇತ್ತು. ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ ಅಷ್ಟು ವಿಸ್ತಾರವಾದ ದೃಷ್ಟಿ ಈಗಲೂ ಅಪರೂಪ.

ಹೊಯ್ಸಳರ ಅನಂತರ ಊರಿನ ಏಳುಬೀಳುಗಳ ಕಥೆ ದೀರ್ಘವಾದುದು. ಅದನ್ನು ಇಲ್ಲಿ ಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಈ ತಾಲ್ಲೂಕಿಗೆ ನೆರೆಯ ಹಾರನಹಳ್ಳಿಯ ಹೆಸರಿದ್ದು, ಶತಮಾನ ಮುಗಿಯುವಷ್ಟರಲ್ಲಿ ಅದು ಅರಸೀಕೆರೆ ತಾಲ್ಲೂಕಾಗಿರುವುದನ್ನು ಮಾತ್ರ ಗಮನಿಸಬೇಕು. ಅಷ್ಟರಲ್ಲಿ ಹಳಿಗಳು ಬಂದಿದ್ದವು. 1876–78ರ ಮಹಾಕ್ಷಾಮದ ಅನಂತರ ಮೈಸೂರು ಸೀಮೆಯಲ್ಲಿ ರೈಲುಮಾರ್ಗಗಳ ಕೆಲಸ ಚುರುಕಾಗಿ, 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, 1889ರ ಹೊತ್ತಿಗೆ ಅರಸೀಕೆರೆ, ಬೀರೂರುಗಳ ಮೂಲಕ ಹರಿಹರಕ್ಕೆ ಮೀಟರ್ ಗೇಜ್ ಮಾರ್ಗ ತಲುಪಿತು. ಹುಬ್ಬಳ್ಳಿಯ ಮೂಲಕ ಪುಣೆಗೂ ಸಂಪರ್ಕ ದೊರೆಯಿತು. ಆದರೆ ಆಗ ಅರಸೀಕೆರೆ ದಾರಿಯ ಮೇಲಿನ ಒಂದು ನಿಲ್ದಾಣ ಮಾತ್ರ. ಅದನ್ನು ಜಂಕ್ಷನ್ ಮಾಡಿದ್ದು ಹಾಸನದ ಮೂಲಕ ಬಂದ ಸುಮಾರು 166 ಕಿ.ಮೀ. ಉದ್ದದ ಮೈಸೂರು ಮಾರ್ಗ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನವು ತಾನೇ ರೈಲುಮಾರ್ಗ ಕಟ್ಟಲು ಹೊರಟಾಗ ಕೈಗೊಂಡ ಕೆಲಸವಿದು. 1918ರ ವೇಳೆಗೆ ಸಂಚಾರಕ್ಕೆ ತೆರೆಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಹರಿಹರದ ಮಾರ್ಗವನ್ನು ನಡೆಸುತ್ತಿದ್ದುದು ಮದರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ ಕಂಪನಿ. ಮೈಸೂರಿನಿಂದ ಬಂದ ಮಾರ್ಗ ಸಂಸ್ಥಾನದ್ದು. 1938ರಲ್ಲಿ ಸಂಸ್ಥಾನವು ಹರಿಹರ ಮಾರ್ಗವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವವರೆಗೆ, ಸುಮಾರು ಎರಡು ದಶಕಗಳ ಕಾಲ, ಎರಡು ಆಡಳಿತಗಳು ಈ ಸಣ್ಣ ಊರಿನಲ್ಲಿ ಸಂಧಿಸುತ್ತಿದ್ದವು. ಒಂದರ ಮೇಲಧಿಕಾರಿಗಳು ಮದರಾಸಿನ ಕಡೆಗೆ, ಇನ್ನೊಂದರವರು ಮೈಸೂರಿನ ಕಡೆಗೆ ನೋಡಬೇಕಾಗಿತ್ತು. ಜಂಕ್ಷನ್ ಎಂಬ ಪದಕ್ಕೆ ಇಲ್ಲಿ ಹಳಿಗಳ ಕೂಡುವಿಕೆಗಿಂತ ಹೆಚ್ಚಿನ ಅರ್ಥವಿತ್ತು.

ಉಗಿಬಂಡಿಯ ಕಾಲದ ಜಂಕ್ಷನ್ ಊರಿನ ಬದುಕು ಅದರ ಯಂತ್ರದ ಸ್ವಭಾವದಿಂದಲೇ ರೂಪುಗೊಂಡುದು. ಎಂಜಿನ್ನಿಗೆ ನೀರು ಬೇಕು, ಕಲ್ಲಿದ್ದಲು ಬೇಕು, ಬೂದಿ ತೆಗೆಯಬೇಕು. ಚಾಲಕನಿಗೂ ಬೆಂಕಿಯವನಿಗೂ ಇಷ್ಟು ಗಂಟೆಯ ಕೆಲಸದ ಮೇಲೆ ವಿಶ್ರಾಂತಿ ಬೇಕು. ಅದಕ್ಕೆ ರನ್ನಿಂಗ್ ರೂಂ. ನಡುರಾತ್ರಿಯ ಗೂಡ್ಸ್ ಗಾಡಿಗೆ ಹೋಗಬೇಕಾದವರನ್ನು ಎಬ್ಬಿಸಲು ‘ಕಾಲ್‌ಬಾಯ್’ ಎಂಬವನೊಬ್ಬನಿರುತ್ತಿದ್ದ. ಲಾಟೀನು ಮತ್ತು ರಿಜಿಸ್ಟರು ಹಿಡಿದು, ಮನೆಮನೆಯ ಬಾಗಿಲು ತಟ್ಟಿ, ರುಜು ಹಾಕಿಸಿಕೊಂಡು ಬರುವುದು ಅವನ ಕೆಲಸ. ಒಂಟಿಹಳಿಯ ಮೇಲೆ ಎರಡು ಗಾಡಿಗಳು ಎದುರಾಗದಂತೆ ಚಾಲಕನ ಕೈಗೆ ಟೋಕನ್ ಕೊಡಬೇಕು. ಬೆತ್ತದ ಬಳೆಗೆ ಸಿಕ್ಕಿಸಿದ ಅದನ್ನು ಚಲಿಸುವ ಬಂಡಿಗೆ ಎತ್ತಿ ಹಿಡಿಯುವ ಪಾಯಿಂಟ್ಸ್‌ಮನ್ನನ ತೋಳಿನ ಲೆಕ್ಕ ತಪ್ಪುವಂತಿರಲಿಲ್ಲ. ತೂಗುಹಾಕಿದ ಹಳಿತುಂಡನ್ನು ಬಡಿದರೆ ಅದೇ ಗಂಟೆ. ಗಡಿಯಾರವಿಲ್ಲದ ಮನೆಗಳಿಗೂ ಅದು ವೇಳೆ ಹೇಳುತ್ತಿತ್ತು.

ಈ ಕೆಲಸಗಳಿಗೆ ಬಂದ ಜನ ಒಂದೇ ಸೀಮೆಯವರಲ್ಲ. ರೈಲ್ವೆ ಕ್ವಾರ್ಟರ್ಸಿನ (ಜನರ ಬಾಯಲ್ಲಿ ಅದು ‘ಕ್ವಾಟ್ರಸ್ಸು’) ಸಾಲಿನಲ್ಲಿ ಕನ್ನಡದೊಂದಿಗೆ ತಮಿಳು, ತೆಲುಗು, ಉರ್ದುಗಳು ಬೆರೆಯುತ್ತಿದ್ದವು. ಹುದ್ದೆಯ ದರ್ಜೆಗೆ ತಕ್ಕಂತೆ ಮನೆಯ ದರ್ಜೆ; ಅಗ್ರಹಾರದ ಕೇರಿ ವ್ಯವಸ್ಥೆಗಿಂತ ಇದು ಬೇರೆಯಾದರೂ ಶ್ರೇಣಿಯಿಂದ ಮುಕ್ತವಾಗಿರಲಿಲ್ಲ. ಊರಿನ ಸುತ್ತ ತೆಂಗಿನ ಸೀಮೆ. ಕೊಬ್ಬರಿಯೂ ತೆಂಗಿನಕಾಯಿಯೂ ಗೂಡ್ಸ್ ಶೆಡ್ಡಿನ ಮೂಲಕ ಉತ್ತರಕ್ಕೆ ಹೋಗುತ್ತಿದ್ದವು. ಮಾಲೇಕಲ್ಲು ತಿರುಪತಿಯ ಜಾತ್ರೆಗೂ ಜೇನುಕಲ್ಲು ಸಿದ್ಧೇಶ್ವರನ ಹುಣ್ಣಿಮೆಗೂ ಬರುವವರು ಇಲ್ಲಿಯೇ ಇಳಿಯಬೇಕು. ಹುಬ್ಬಳ್ಳಿ, ಹರಿಹರಗಳ ಮೂಲಕ ಬರುವ ಉತ್ತರದ ಜೈನ ಯಾತ್ರಿಕರು ಶ್ರವಣಬೆಳಗೊಳದ ಕಡೆಗೆ ತಿರುಗುವುದೂ ಇಲ್ಲಿಯೇ. 1925, 1940, 1953ರ ಮಹಾಮಸ್ತಕಾಭಿಷೇಕಗಳ ಚರಿತ್ರೆಯಲ್ಲಿ ಆಚಾರ್ಯರ, ಅರಸರ, ದಾನಿಗಳ ಹೆಸರುಗಳಿವೆ. ಆ ಜನಸಾಗರವನ್ನು ಇಳಿಸಿ ಹತ್ತಿಸಿದ ರೈಲ್ವೆ ಕೈಗಳ ಉಲ್ಲೇಖವಿಲ್ಲ.

ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ನಿಧಿಯ ಕರ್ನಾಟಕ ಶಾಖೆ ಅರಸೀಕೆರೆಯಲ್ಲಿ ನೆಲೆಯೂರಿದ್ದನ್ನೂ ಇಲ್ಲಿ ಸ್ಮರಿಸಬೇಕು. ಯಶೋಧರಮ್ಮ ದಾಸಪ್ಪನವರು ದುಡಿದ ಈ ಸಂಸ್ಥೆಯಲ್ಲಿ ಗ್ರಾಮಸೇವಿಕೆಯರು ತರಬೇತಿ ಪಡೆದರು. ಹೆಂಗಸರ ವಿಷಯದಲ್ಲಿ ಹಳೆಯ ಶಾಸನವು ಚೆಲುವಿನ ಆಚೆಗೆ ಹೇಳದೆ ಬಿಟ್ಟದ್ದನ್ನು ಬರೆಯಲು ಈ ಆಶ್ರಮದಲ್ಲಿ ಸಾಮಗ್ರಿಯಿದೆ.

ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಿಂದ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂದು ಮೀಟರ್ ಗೇಜ್ ಹಳಿಗಳೊಡನೆ ಉಗಿಬಂಡಿಯ ಕಾಲದ ಕಸುಬುಗಳೂ ಮುಗಿದವು. ಡೀಸೆಲ್ ಎಂಜಿನ್ನಿಗೆ ನಿಂತು ನೀರು ಕುಡಿಯುವ ಅಗತ್ಯವಿಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರು–ಹಾಸನ ನೇರ ಮಾರ್ಗ ತೆರೆದ ಮೇಲೆ ಕರಾವಳಿಗೆ ಹೋಗುವ ಬಂಡಿಗಳು ಅರಸೀಕೆರೆಯನ್ನು ಸುತ್ತಿ ಬರಬೇಕಾಗಿಲ್ಲ. ಗೊಮ್ಮಟನ ಯಾತ್ರಿಕರಿಗೆ ದಾರಿಯಾಗಿದ್ದ ಜಂಕ್ಷನ್ನು, ಗೊಮ್ಮಟನ ಊರಿಗೇ ರೈಲು ಬಂದುದರಿಂದ ಆ ಯಾತ್ರಿಕರನ್ನು ಕಳೆದುಕೊಂಡಿತು.

ಸ್ಥಳೀಯ ಚರಿತ್ರೆಯನ್ನು ವಿಷಯವಾಗಿ ಆಯ್ದುಕೊಳ್ಳುವ ನಮ್ಮ ಸಂಶೋಧನ ವಿದ್ಯಾರ್ಥಿಗಳು ಅರಸೀಕೆರೆ ಎಂದೊಡನೆ ಹೊಯ್ಸಳರಿಗೆ ಹೋಗುತ್ತಾರೆ. ಅಲ್ಲಿ ಪಾಠ ಸಿದ್ಧವಾಗಿದೆ, ಸಂಪುಟಗಳು ಅಚ್ಚಾಗಿವೆ, ಶ್ರಮ ಕಡಿಮೆ. ಶಾಸನಗಳು ಇನ್ನೂ ನೂರು ವರ್ಷ ಕಾಯಬಲ್ಲವು. 1960ರ ದಶಕದಲ್ಲಿ ಬೆಂಕಿಯವನಾಗಿ, ಗ್ಯಾಂಗ್‌ಮನ್ನಾಗಿ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ‘ಕೀಮನ್ನು’, ‘ಕಂಬಿ’, ‘ಕೈಮರ’ ಮೊದಲಾದ ಆ ಕಸುಬಿನ ಕನ್ನಡ ಅವರ ಬಾಯಲ್ಲಿದೆ. ಅದರ ಪದಸಂಗ್ರಹಕ್ಕೆ ಬೇಕಾದುದು ಒಂದು ಧ್ವನಿಮುದ್ರಣ ಯಂತ್ರ, ಕೆಲವು ವಾರಗಳ ಬಿಡುವು. ಸಹಸ್ರಕೂಟ ಜಿನಾಲಯವನ್ನು ನೋಡಲು ಹೋಗುವವರು ಮರಳಿ ಬರುವಾಗ ರೈಲಿಗೆ ಹೇಗೂ ಕಾಯಬೇಕು. ಕ್ವಾಟ್ರಸ್ಸಿನ ಸಾಲು ಅಲ್ಲಿಂದ ದೂರವಿಲ್ಲ.