ನುಂಗಿದ ಅಕ್ಷರದ ಶುದ್ದಿ

ಅಕ್ಕಂದ್ರೇ, ಚಿಕ್ಕಮ್ಮಂದ್ರೇ, ಈ ವಾರ ಹಲಸಿನ ಹಪ್ಪಳದ ಶುದ್ದಿ ಬರೆತ್ತೆ ಹೇಳಿತ್ತಿದ್ದೆ. ಅದು ಬಪ್ಪ ವಾರಕ್ಕಿರಳಿ. ಇಂದು ಒಂದು ಅಕ್ಷರಂದಾಗಿ ಎನಗಾದ ಫಜೀತಿಯ ಹೇಳೆಕ್ಕು.

ಅಮೇರಿಕಲ್ಲಿಪ್ಪ ಮಗನ ಮನೆಂದ ಪ್ರತಿ ಆಯಿತ್ಯವಾರ ಫೋನು ಬತ್ತು. ಎರಡು ವರ್ಷ ಹಿಂದೆ ಎಪ್ರಿಲಿಲಿ ಒಂದರಿ ಮಗ ಹೆರ ಹೋಗಿತ್ತಿದ್ದ, ಸೊಸೆ ಒಳ ಅಡಿಗೆ ಮಾಡಿಗೊಂಡಿತ್ತು. ಫೋನು ತೆಗದ್ದು ಒಂಬತ್ತು ವರ್ಷದ ಪುಳ್ಳಿ. "ಈ ರಜೆಲಿ ಬತ್ತಿರಾ ಮಗಾ?" ಕೇಳಿದೆ. ಅವ ಇಂಗ್ಲಿಷಿಲಿ ಸರಸರನೆ ಎಂತೆಲ್ಲ ಹೇಳಿದ. ಎನ್ನ ಕೆಮಿಗೆ ಬಿದ್ದದು "ವೀ ಕ್ಯಾನ್ ಕಮ್" ಹೇಳುದು ಮಾಂತ್ರ. ಇನ್ನೊಂದರಿ ಹೇಳು ಹೇಳ್ಲೆ ನಾಚಿಕೆ ಆತು. ಪಿಯುಸಿ ಪಾಸಾದ ಅಜ್ಜಿಗೆ ಇಷ್ಟೂ ಗೊಂತಾವ್ತಿಲ್ಲೆ ಹೇಳಿ ಮಾಣಿ ಗ್ರೇಶುಗು! "ಓಕೆ ಓಕೆ" ಹೇಳಿ ಮಡುಗಿದೆ.

ಎಂಗಳ ಅತ್ತೆಗೆ ಅಂದು ಎಂಬತ್ತಾರು ವರ್ಷ. ಪುಳ್ಳಿಯ ಮಗ ಬತ್ತ ಹೇಳಿದ್ದೇ ಸೈ, ಅವು ಜೆಗಿಲಿಲಿ ಕೂದು ದಿನ ಲೆಕ್ಕ ಹಾಕುಲೆ ಸುರು. ಕಣ್ಣು ಮಂಜಾದರೂ ಎನ್ನೊಟ್ಟಿಂಗೆ ಕೂದು ಹಪ್ಪಳ ಒತ್ತಿದವು, "ಇದು ಮಾಣಿಗೆ" ಹೇಳಿ ಒಂದು ಡಬ್ಬಿ ಬೇರೆ ಮಾಡಿದವು. ಮುಂದಾಣ ಆಯಿತ್ಯವಾರ ಮಗ ಹೇಳಿದ: "ಈ ವರ್ಷ ರಜೆ ಸಿಕ್ಕಿದ್ದಿಲ್ಲೆ ಅಮ್ಮಾ, ಬಪ್ಪಲೆ ಎಡಿತ್ತಿಲ್ಲೆ. ಮಾಣಿ ಅಂದೇ ಹೇಳಿದ್ದನಡ, ನೀನು ಓಕೆ ಹೇಳಿದೆಯಡ." ಅವ ಹೇಳಿದ್ದು "ಕ್ಯಾಂಟ್ ಕಮ್". ಆನು ಕೇಳಿದ್ದು "ಕ್ಯಾನ್ ಕಮ್".

ಅತ್ತೆಗೆ ವಿಷಯ ಹೇಳುದು ಹೇಂಗೆ? ಇರುಳು ಉಂಡಿಕ್ಕಿ ಮೆಲ್ಲಂಗೆ ಹೇಳಿದೆ. ರಜ ಹೊತ್ತು ತಳಿಯದ್ದೆ ಕೂದವು. ಮತ್ತೆ ಕೇಳಿದವು: "ಅಲ್ಲ ಕೂಸೇ, ಆ ಭಾಷೆಲಿ 'ಇಲ್ಲೆ' ಹೇಳುದನ್ನೂ ನುಂಗುತ್ತವಾ?"

ಆ ಪ್ರಶ್ನೆ ಎನ್ನ ತಲೆಲಿ ಕೂದತ್ತು. ಬೆಳ್ತಂಗಡಿಗೆ ಕೊಟ್ಟ ತಂಗೆಯ ಮಗಳು ಇಂಗ್ಲಿಷು ಕಲಿಶುದು. ಅದರ ಹತ್ತರೆ ಕೇಳಿದೆ. ಅದು ಹೇಳಿತ್ತು, "ದೊಡ್ಡಮ್ಮಾ, ಟಕಾರವ ಕಾದೊಂಡು ಕೂರೆಡಿ. ಅದು ಮಾತಿಲಿ ಅರ್ಧ ನುಂಗಿ ಹೋವ್ತು. ಅದರ ಹಿಂದಾಣ ಅಕ್ಷರವ ಕೇಳಿ. ಬತ್ತೆಯೊ ಹೇಳುವಗ 'ಕ್ಯಾನ್' ಸಣ್ಣ ಆಗಿ 'ಕ್ನ್ ಕಮ್' ಆವ್ತು, ಜೋರು ಬೀಳುದು 'ಕಮ್' ಹೇಳುದರ ಮೇಲೆ. ಬತ್ತಿಲ್ಲೆ ಹೇಳುವಗ 'ಕ್ಯಾ' ಪೂರ್ತಿ ಇರ್ತು, ಒತ್ತಿ ಹೇಳ್ತವು." ಅಂಬಗ ಆನು ಕೇಳಿದ ಆ ಪೂರ್ತಿ "ಕ್ಯಾ"ವೇ "ಇಲ್ಲೆ" ಆಗಿತ್ತು!

ಎನಗೆ ಶಾಲೆಲಿ ಕಲಿಶಿದ್ದು "ಕಾಂಟ್" ಹೇಳಿ, ದೀರ್ಘಲ್ಲಿ. ಅದಕ್ಕೂ ಒಂದು ಚರಿತ್ರೆ ಇದ್ದು. ತೆಂಕ ಇಂಗ್ಲೆಂಡಿಲಿ ಇಂತಾ ಶಬ್ದಂಗಳಲ್ಲಿ "ಆ" ಹೇಳುವ ದೀರ್ಘ ಬಲ ಆದ್ದು 1700ರ ನಂತರ. ಅಷ್ಟಪ್ಪಗ ಸುಮಾರು ಜೆನ ಹಡಗು ಹತ್ತಿ ಅಮೇರಿಕಕ್ಕೆ ಹೋಗಿ ಆಗಿತ್ತು. ಅವು "ಕ್ಯಾಂಟ್" ಹೇಳುದನ್ನೇ ಒಳಿಶಿಗೊಂಡವು. ನವಗೆ ಬಂದದು ಇಂಗ್ಲೆಂಡಿನ ದೊರೆಗಳ ಇಂಗ್ಲಿಷು. 1956ರ ವರೆಗೆ ನಮ್ಮ ಜಿಲ್ಲೆ ಮದ್ರಾಸಿಂಗೆ ಸೇರಿತ್ತಿದ್ದಲ್ಲದಾ, ನಮ್ಮ ಮಾಷ್ಟ್ರಕ್ಕಳ ಮಾಷ್ಟ್ರಕ್ಕೊ ಕಲ್ತದು ಆ ಇಂಗ್ಲಿಷಿನ. ಅದುದೇ ಪುಸ್ತಕಂದ.

ಪುಸ್ತಕದ ಇಂಗ್ಲಿಷು ಬಾಯಿಯ ಇಂಗ್ಲಿಷಿಂದ ದೂರ ಆದ್ದು ಇಂದು ನಿನ್ನೆ ಅಲ್ಲ. ಕ್ಯಾಕ್ಸ್ಟನ್ ಹೇಳುವವ ಇಂಗ್ಲೆಂಡಿಲಿ ಅಚ್ಚುಕೂಟ ಮಡುಗಿದ್ದು 1476ರಲ್ಲಿ. ಅಚ್ಚು ಬಂದ ಮೇಲೆ ಬರವ ಕ್ರಮ ಮೆಲ್ಲಂಗೆ ಗಟ್ಟಿ ಆತು, ನಾಲಗೆ ಮಾಂತ್ರ ಅದರಷ್ಟಕ್ಕೇ ಮುಂದೆ ಹೋತು. "ನೈಟ್" ಬರವಗ ಮಧ್ಯಲ್ಲಿ ಉಚ್ಚಾರ ಇಲ್ಲದ್ದ ಎರಡು ಅಕ್ಷರ ಬತ್ತಲ್ಲದಾ? ಅದರ ಒಂದು ಕಾಲಲ್ಲಿ ಉಚ್ಚಾರ ಮಾಡಿಗೊಂಡಿತ್ತಿದ್ದವು. "ವಿಲ್ ನಾಟ್" ಹೇಂಗೆ "ವೋಂಟ್" ಅಪ್ಪದು ಹೇಳಿ ಆನು ಒಂದರಿ ಕ್ಲಾಸಿಲಿ ಕೇಳಿ ಬೈಗಳು ತಿಂದಿದೆ. ಹಳೇ ಇಂಗ್ಲಿಷಿಲಿ "ವಿಲ್" ಹೇಳುದಕ್ಕೆ "ವೋಲ್" ಹೇಳುವ ರೂಪವೂ ಇತ್ತಡ. ಆ ಓಕಾರ "ವೋಂಟ್" ಹೇಳುದರಲ್ಲಿ ಒಳುದ್ದು.

ಶಬ್ದ ನುಂಗಿರೆ ಭಾಷೆ ಹಾಳಾವ್ತು ಹೇಳಿ ಕೋಪ ಮಾಡುದುದೇ ಹಳತ್ತೇ. ನಾವು ಪಾಠಲ್ಲಿ ಓದಿದ ಗಲಿವರನ ಕತೆ ಬರದ ಸ್ವಿಫ್ಟ್ 1710ರಲ್ಲಿ "ಟ್ಯಾಟ್ಲರ್" ಹೇಳುವ ಪತ್ರಿಕೆಲಿ ಇದನ್ನೇ ಬರದು ಬೈದ್ದ. ಅವ ಬೈದ ತುಂಡು ಶಬ್ದಂಗಳಲ್ಲಿ "ಮಾಬ್" ಒಂದು. ಗಲಾಟೆ ಮಾಡುವ ಜನದ ಗುಂಪಿಂಗೆ ಲ್ಯಾಟಿನಿಲಿ ಇದ್ದ ಉದ್ದ ಹೆಸರಿನ ತಲೆ ಮಾಂತ್ರ ಅದು. ಇಂದು ಆ ಶಬ್ದವ ಬರೆಯದ್ದ ಇಂಗ್ಲಿಷು ಪೇಪರಿಲ್ಲೆ. "ಗುಡ್‌ಬೈ" ಹೇಳುದುದೇ ಹೀಂಗೇ ಹುಟ್ಟಿದ್ದು. ದೇವರು ನಿಂಗಳ ಒಟ್ಟಿಂಗಿರಳಿ ಹೇಳುವ ಇಡೀ ವಾಕ್ಯ ಬಾಯಿಲಿ ಸವೆದು ಸವೆದು ಅಷ್ಟಕ್ಕಾತು. ನಾವುದೆ "ಹೋಗಿ ಬತ್ತೆ" ಹೇಳದ್ದೆ "ಬತ್ತೆ" ಹೇಳಿಯೇ ಹೆರಡುತ್ತಿಲ್ಲೆಯಾ?

ಇನ್ನು ನಮ್ಮೂರಿನ ನೋಡಿ. ಬಸ್ಸು ಹೇಳುದೇ ತುಂಡು ಶಬ್ದ. ಲ್ಯಾಟಿನಿಲಿ "ಓಮ್ನಿಬಸ್" ಹೇಳಿರೆ ಎಲ್ಲೋರಿಂಗೆ ಇಪ್ಪದು ಹೇಳಿ ಅರ್ಥ. 1829ರಲ್ಲಿ ಲಂಡನಿಲಿ ಕುದುರೆ ಎಳವ ಓಮ್ನಿಬಸ್ ಸುರುವಾತು, ರಜ ಸಮಯಲ್ಲೇ ಬಾಲ ಮಾಂತ್ರ ಒಳುದತ್ತು. ಮಂಗ್ಳೂರಿಲಿ 1914ರಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಜೆನರ ಬಾಯಿಲಿ "ಸಿಪಿಸಿ" ಆತು. ಬಂಟ್ವಾಳ ಕ್ರಾಸ್ ರೋಡ್ "ಬಿ.ಸಿ. ರೋಡ್" ಆತು, ಕಂಡಕ್ಟರನ ಬಾಯಿಲಿ "ಬೀಸ್ರೋಡ್, ಬೀಸ್ರೋಡ್". ಅವ "ಓಲ್ಡಾನ್" ಹೇಳಿರೆ ಬಸ್ಸು ನಿಲ್ಲುತ್ತು. ಅದು "ಹೋಲ್ಡ್ ಆನ್" ಹೇಳಿ ಎನಗೆ ಗೊಂತಾದ್ದು ಮದುವೆ ಆಗಿ ಇಲ್ಲಿಗೆ ಬಂದ ಮೇಲೆ. ಎನ್ನ ಅಪ್ಪನ ಮನೆ ಮೂಡಬಿದ್ರೆ ಹೊಡೆಲಿ. ಅಲ್ಲಿ ತುಳುವಿಲಿ ಊರಿಂಗೆ "ಬೆದ್ರ" ಹೇಳುದು, ಮುಂದಾಣ "ಮೂಡ"ವ ಆರೂ ಹುಡ್ಕುತ್ತವಿಲ್ಲೆ.

ಹೈಸ್ಕೂಲಿಲಿ ಬಾಯಿಪಾಠ ಮಾಡಿದ ಲೋಪಸಂಧಿ ನೆಂಪಿದ್ದಾ? ಊರು ಮತ್ತೆ ಊರು ಸೇರಿರೆ ಊರೂರು, ಮಧ್ಯಲ್ಲಿ ಒಂದು ಉಕಾರ ಹೋವ್ತು. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣಲ್ಲಿ ಇದರ ಎಲ್ಲ ಸೂತ್ರ ಮಾಡಿ ಮಡುಗಿದ್ದ. ಆ ಪುಸ್ತಕವ 1872ರಲ್ಲಿ ಅಚ್ಚು ಹಾಕ್ಸಿದ್ದು ಕಿಟ್ಟೆಲ್, ನಮ್ಮ ಮಂಗ್ಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಲಿ. ಇಂಗ್ಲಿಷಿನವು ಅಕ್ಷರ ಬಿದ್ದಲ್ಲಿ ಮೇಲೊಂದು ಕೊಂಬು ಹಾಕಿ ಗುರ್ತ ಮಡುಗುತ್ತವು, ನವಗೆ ಆ ಗುರ್ತವೂ ಬೇಡ.

ಮತ್ತೆ ನಮ್ಮ ಮನೆಭಾಷೆ? ಹೊತ್ತು ಹೋಪಗ ಹೇಳುದು "ಹೊತ್ತೋಪಗ" ಆತು. ಮಾಡಬೇಕು "ಮಾಡೆಕ್ಕು" ಆತು, ಮಾಡಬೇಡ "ಮಾಡೆಡ" ಆತು. ಶುದ್ಧ ಹೇಳಿ ನಾವು ಗ್ರೇಶುವ "ಬೇಕು" ಸಾನ ಹಳೆಗನ್ನಡಲ್ಲಿ "ಬೇೞ್ಕುಂ" ಆಗಿತ್ತಿದ್ದು. ಇಂಗ್ಲಿಷಿನ ಮಕ್ಕೊ "ಗೋಯಿಂಗ್ ಟು" ಹೇಳುದರ "ಗೊನ್ನ" ಮಾಡಿರೆ ನಾವು ನೆಗೆ ಮಾಡ್ಲಾಗ.

ಕಳುದ ವರ್ಷ ಮಗನವು ಬಂದವು. ಅತ್ತೆ ಮಾಣಿಯ ಹತ್ತರೆ ಕೂರ್ಸಿ ಕೇಳಿದವು, "ಹಪ್ಪಳ ತಿನ್ನೆಕ್ಕಾ?" ಮಾಣಿ ಕಣ್ಣು ಕಣ್ಣು ಬಿಟ್ಟು ತಲೆ ಆಡ್ಸಿದ. ಎನಗೆ ಆ ತಲೆ ಆಡ್ಸುದರ ಗುರ್ತ ಇತ್ತು! ಅದು ಎನ್ನ "ಓಕೆ ಓಕೆ"ಯೇ. ಅವ ಅಲ್ಲಿ ಕನ್ನಡ ಕ್ಲಾಸಿಲಿ "ತಿನ್ನಬೇಕು" ಹೇಳಿ ಕಲ್ತದಡ. ಒಳ ಕರಕ್ಕೊಂಡು ಹೋಗಿ, "ತಿನ್ನೆಕ್ಕು ಹೇಳಿರೆ ನಿನ್ನ ಗೊನ್ನದ ಹಾಂಗೆ ಮಗಾ, ಮಧ್ಯದ್ದರ ನುಂಗಿದ್ದು" ಹೇಳಿದೆ. ಅವ ಓಡಿ ಹೋಗಿ ಅತ್ತೆಯ ಎದುರು ನಿಂದು "ತಿನ್ನೆಕ್ಕು ಅಜ್ಜಿ, ಎರಡು" ಹೇಳಿದ.

ಈಗ ಫೋನಿಲಿ ಅರ್ಥ ಆಗದ್ದರೆ ಆನು "ಇನ್ನೊಂದರಿ ಹೇಳು ಮಗಾ, ಅಜ್ಜಿಗೆ ಗೊಂತಾಯಿದಿಲ್ಲೆ" ಹೇಳ್ತೆ. ಅವ ಮೆಲ್ಲಂಗೆ ಹೇಳ್ತ, ಬೇಜಾರೇನಿಲ್ಲೆ. ಇಷ್ಟು ಸಣ್ಣ ಮಾತಿನ ಅಂದೇ ಹೇಳಿದ್ದರೆ ಅತ್ತೆ ಒಂದು ವಾರ ಜೆಗಿಲಿಲಿ ಕಾದು ಕೂರೆಕ್ಕಾಗಿ ಇತ್ತಿಲ್ಲೆ.

ನಿಂಗಳ ಮನೆಲಿ ನುಂಗುವ ಶಬ್ದಂಗೊ ಯಾವುದೆಲ್ಲ ಇದ್ದು, ಹೇಳಿ. ಒಂದು ಪಟ್ಟಿ ಮಾಡುವೊ. ಹಪ್ಪಳದ ಶುದ್ದಿ ಬಪ್ಪ ವಾರ, ಖಂಡಿತ.